ಕೆಂಪು ಇಂಕಿನ ಸಾಲುಗಳು: ಬಾಂಬರ್ ಪೈಲಟ್ ತಾತನ ಲಾಗ್‌ಬುಕ್ ಓದೋದು ಹೇಗೆ?

ಪೈಲಟ್‌ನ ಲಾಗ್‌ಬುಕ್ ಡೈರಿ ಅಲ್ಲ. ಅದು ಹೆಚ್ಚುಕಮ್ಮಿ ನಮ್ಮ ಲ್ಯಾಬ್ ರೆಕಾರ್ಡ್ ಥರ. ಗೆರೆ ಹೊಡೆದ ಕಾಲಮ್‌ಗಳು, ತಿಂಗಳ ಕೊನೆಗೆ ಟೋಟಲ್, ಅದರ ಕೆಳಗೆ ಮೇಲಧಿಕಾರಿಯ ಸಹಿ. ತಾರೀಖು, ವಿಮಾನದ ಮಾದರಿ, ಅದರ ನಂಬರ್, ಹಾರಿಸಿದವರು ಯಾರು, ಜೊತೆಗಿದ್ದವರು ಯಾರು, ಯಾವ ಕೆಲಸಕ್ಕೆ ಹೋಗಿದ್ದು, ಹಗಲು ಎಷ್ಟು ಗಂಟೆ, ರಾತ್ರಿ ಎಷ್ಟು ಗಂಟೆ. ಅಷ್ಟೇ. ಹೆದರಿಕೆ ಆಯ್ತಾ, ವಾಪಸ್ ಬಂದು ನಿದ್ದೆ ಬಂತಾ ಅಂತ ಬರೆಯೋಕೆ ಅದರಲ್ಲಿ ಕಾಲಮ್ಮೇ ಇಲ್ಲ.

ಆದರೂ ಯುದ್ಧದಲ್ಲಿ ಹಾರಿದ ಒಬ್ಬ ಪೈಲಟ್‌ನ ಮನೆಯವರ ಕೈಯಲ್ಲಿ ಉಳಿಯೋ ಕಾಗದಗಳಲ್ಲಿ ಅದಕ್ಕಿಂತ ನಂಬಬಹುದಾದ್ದು ಇನ್ನೊಂದಿಲ್ಲ. ನೆನಪು ಬೆಳೆಯುತ್ತೆ, ಲಾಗ್‌ಬುಕ್ ಬೆಳೆಯಲ್ಲ.

ಇಲ್ಲಿ ‘ನಾವು’ ಅಂದ್ರೆ ಮೂರು ಜನ ಮೊಮ್ಮಕ್ಕಳು. ಇಬ್ಬರು ಇದೇ ಕ್ಯಾಂಪಸ್‌ನವರು, ಒಬ್ಬಳು ಮೈಸೂರಲ್ಲಿ ಸಿ.ಎ. ಓದ್ತಿದ್ದಾಳೆ (ಟೋಟಲ್ ಚೆಕ್ ಮಾಡೋ ಕೆಲಸ ಅವಳದ್ದೇ). ನಮ್ಮ ಅಜ್ಜಿಯ ಅಣ್ಣನನ್ನ ಮನೆಯಲ್ಲಿ ಎಲ್ಲರೂ ಏರ್‌ಫೋರ್ಸ್ ತಾತ ಅಂತಲೇ ಕರೀತಿದ್ವಿ. 1965 ಮತ್ತು 1971, ಎರಡೂ ಯುದ್ಧದಲ್ಲಿ ಕ್ಯಾನ್‌ಬೆರಾ ಬಾಂಬರ್ ಹಾರಿಸಿದವರು. ಮೂರು ವರ್ಷದ ಹಿಂದೆ ತೀರಿಕೊಂಡರು. ಅವರ ಕಬ್ಬಿಣದ ಟ್ರಂಕ್‌ನಲ್ಲಿ ಎರಡು ಲಾಗ್‌ಬುಕ್ ಸಿಕ್ಕವು.

ಪ್ರತಿ ಡಿಸೆಂಬರ್ 16ಕ್ಕೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ನಲ್ಲಿ ಅವರ ಯೂನಿಫಾರ್ಮ್ ಫೋಟೋ ಬರುತ್ತೆ. ಅದರ ಕೆಳಗೆ ಒಂದು ಕಥೆ. ಆ ಕಥೆ ವರ್ಷ ವರ್ಷ ದಪ್ಪ ಆಗ್ತಾ ಬಂದಿದೆ. ಕಳೆದ ಸಲದ ಆವೃತ್ತಿಯಲ್ಲಿ ಕರಾಚಿಯ ಎಣ್ಣೆ ಟ್ಯಾಂಕ್‌ಗಳನ್ನ ತಾತ ಒಬ್ಬರೇ ಸುಟ್ಟು ಬಂದಿದ್ದರು. ಲಾಗ್‌ಬುಕ್ ಪ್ರಕಾರ ಆ ದಿನ ಅವರು ಹಾರಿಯೇ ಇಲ್ಲ. ಸುಳ್ಳು ಹೇಳಿದ್ದು ತಾತ ಅಲ್ಲ, ಅವರು ಈ ವಿಷಯ ಮಾತಾಡಿದ್ದೇ ಕಮ್ಮಿ. ಅವರು ಮಾತಾಡದೆ ಬಿಟ್ಟ ಜಾಗವನ್ನ ಉಳಿದವರು ತುಂಬಿದ್ದು. ಹಾಗಾಗಿ ಅವರು ನಿಜಕ್ಕೂ ಏನು ಮಾಡಿದ್ರು ಅನ್ನೋದನ್ನ ಪುಸ್ತಕದಿಂದಲೇ ಓದೋಣ ಅಂತ ಕೂತ್ವಿ. ನಿಮ್ಮ ಮನೇಲೂ ಇಂಥದ್ದೊಂದು ಪುಸ್ತಕ ಇದ್ದರೆ ಅನುಕೂಲ ಆಗಲಿ ಅಂತ ಈ ಲೇಖನ.

ಮೊದಲು ಬಣ್ಣ. ಬ್ರಿಟಿಷರ ಕಾಲದಿಂದ ಬಂದ ಪದ್ಧತಿಯಂತೆ ರಾತ್ರಿ ಹಾರಾಟವನ್ನ ಕೆಂಪು ಇಂಕಿನಲ್ಲಿ ಬರೀತಿದ್ರು. ತಾತನ ಪುಸ್ತಕದಲ್ಲಿ 1964ರ ತನಕ ಕೆಂಪು ಅಲ್ಲಲ್ಲಿ ಒಂದೆರಡು ಸಾಲು. 1965ರ ಆಗಸ್ಟ್‌ನಿಂದ ಜಾಸ್ತಿ ಆಗುತ್ತೆ. ಸೆಪ್ಟೆಂಬರ್ ಪುಟ ಬಹುತೇಕ ಪೂರ್ತಿ ಕೆಂಪು. ಏನೂ ಓದದೇ ದೂರದಿಂದ ಪುಟ ನೋಡಿದ್ರೂ ಯುದ್ಧ ಯಾವಾಗ ಬಂತು ಅಂತ ಗೊತ್ತಾಗುತ್ತೆ.

ಯಾಕೆ ರಾತ್ರಿ ಅನ್ನೋದಕ್ಕೆ ವಿಮಾನದ ಬಗ್ಗೆ ಸ್ವಲ್ಪ ಹೇಳಬೇಕು. ಕ್ಯಾನ್‌ಬೆರಾ ಮೊದಲು ಹಾರಿದ್ದು ಇಂಗ್ಲೆಂಡಿನಲ್ಲಿ, 1949ರ ಮೇ 13ರಂದು. ಮಾಡಿದ್ದು ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿ, ಡಿಸೈನ್ ಮಾಡಿದ ತಂಡದ ಮುಖ್ಯಸ್ಥ ಟೆಡ್ಡಿ ಪೆಟರ್. ರೆಕ್ಕೆಯ ಅಗಲ ಸುಮಾರು 19.5 ಮೀಟರ್, ವಿಸ್ತೀರ್ಣ ಸುಮಾರು 89 ಚದರ ಮೀಟರ್. ವಿಮಾನದ ಅಳತೆಗೆ ತುಂಬಾ ದೊಡ್ಡ ರೆಕ್ಕೆ. ಅಂದ್ರೆ ವಿಂಗ್ ಲೋಡಿಂಗ್ ಕಮ್ಮಿ. ಅದಕ್ಕೇ ತೆಳು ಗಾಳಿಯಲ್ಲೂ 48,000 ಅಡಿ ತನಕ ಏರುತ್ತಿತ್ತು. 1950ರ ದಶಕದ ಆರಂಭದಲ್ಲಿ ಅಷ್ಟು ಎತ್ತರಕ್ಕೆ ಹೋಗಿ ಹೊಡೆಯೋ ಫೈಟರ್‌ಗಳು ಸಿಗೋದೇ ಕಷ್ಟ ಇತ್ತು. ಎತ್ತರವೇ ರಕ್ಷಣೆ ಅನ್ನೋ ಲೆಕ್ಕಾಚಾರ.

1957ರಲ್ಲಿ ಭಾರತ ಇದನ್ನ ಕೊಂಡಿತು. ನಾವು ಮುಖ್ಯವಾಗಿ ತಗೊಂಡ ಮಾದರಿಗೆ ಬಿ-ಐ 58 ಅಂತ ಹೆಸರು. ಬಿ ಅಂದ್ರೆ ಬಾಂಬರ್, ಐ ಅಂದ್ರೆ ಇಂಟರ್‌ಡಿಕ್ಟರ್, ಶತ್ರುವಿನ ಬೆನ್ನ ಹಿಂದೆ ಹೋಗಿ ಅವನ ದಾರಿ, ರನ್‌ವೇ, ಸರಬರಾಜು ಕೆಡಿಸೋದು. ಆದರೆ 1965ರ ಹೊತ್ತಿಗೆ ಪಾಕಿಸ್ತಾನದ ಹತ್ತಿರ ಸೇಬರ್ ಇತ್ತು, ಶಬ್ದಕ್ಕಿಂತ ಎರಡು ಪಟ್ಟು ವೇಗದ ಎಫ್-104 ಸ್ಟಾರ್‌ಫೈಟರ್ ಇತ್ತು, ರೇಡಾರ್ ಇತ್ತು. ಎತ್ತರದ ಲಾಭ ಹೋಯ್ತು. ಉಳಿದದ್ದು ಎರಡೇ: ಕತ್ತಲು, ಮತ್ತು ನೆಲಕ್ಕೆ ಅಂಟಿಕೊಂಡ ಹಾಗೆ ಕೆಳಗೆ ಹಾರೋದು. ಕೆಂಪು ಇಂಕಿಗೆ ಕಾರಣ ಅದು.

ಎರಡನೆಯದು ‘ಡ್ಯೂಟಿ’ ಕಾಲಮ್. ತಾತನ ಪುಸ್ತಕದಲ್ಲಿ ಶಾಂತಿಕಾಲದಲ್ಲಿ ಅತಿ ಹೆಚ್ಚು ಬರೋ ಪದ ಬಾಂಬಿಂಗ್ ಅಲ್ಲ. ‘ಅಸಿಮೆಟ್ರಿಕ್’. ಆಗ್ರಾದಲ್ಲಿ ಜೆಟ್ ಬಾಂಬರ್ ತರಬೇತಿ ಘಟಕದಲ್ಲಿದ್ದ ತಿಂಗಳುಗಳಲ್ಲಂತೂ ಸಾಲು ಸಾಲಾಗಿ ಅದೇ.

ಏನದು? ಕ್ಯಾನ್‌ಬೆರಾದ ಎರಡು ರೋಲ್ಸ್ ರಾಯ್ಸ್ ಏವನ್ ಎಂಜಿನ್‌ಗಳು ಎಡಕ್ಕೊಂದು ಬಲಕ್ಕೊಂದು, ಮಧ್ಯದಿಂದ ಸಾಕಷ್ಟು ದೂರ ರೆಕ್ಕೆಯಲ್ಲಿವೆ. ಒಂದೊಂದರದ್ದು 7,400 ಪೌಂಡ್, ಅಂದ್ರೆ ಸುಮಾರು 33 ಕಿಲೋನ್ಯೂಟನ್ ತಳ್ಳು. ಒಂದು ನಿಂತುಹೋಯ್ತು ಅನ್ಕೊಳ್ಳಿ. ಇನ್ನೊಂದು ಇಡೀ ವಿಮಾನವನ್ನ ಪಕ್ಕಕ್ಕೆ ತಿರುಗಿಸೋಕೆ ಶುರು ಮಾಡುತ್ತೆ. ಬಲ ಗುಣಿಸು ದೂರ, ಫಸ್ಟ್ ಸೆಮ್ ಮೆಕ್ಯಾನಿಕ್ಸ್. ಅದನ್ನ ತಡೆಯೋದು ಬಾಲದ ರಡ್ಡರ್. ಆದರೆ ರಡ್ಡರ್‌ನ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಬದಲಾಗುತ್ತೆ. ವೇಗ ಅರ್ಧಕ್ಕಿಳಿದರೆ ರಡ್ಡರ್‌ನ ಬಲ ಕಾಲು ಭಾಗಕ್ಕೆ ಇಳಿಯುತ್ತೆ. ಎಂಜಿನ್‌ನ ತಳ್ಳು ಮಾತ್ರ ಹಾಗೆ ಇಳಿಯಲ್ಲ. ಅಂದ್ರೆ ಒಂದು ನಿರ್ದಿಷ್ಟ ವೇಗಕ್ಕಿಂತ ಕೆಳಗೆ, ಪೈಲಟ್ ಕಾಲಲ್ಲಿ ಎಷ್ಟೇ ಜೋರಾಗಿ ಪೆಡಲ್ ಒತ್ತಿದ್ರೂ ವಿಮಾನ ತಿರುಗಿ ಮಗುಚಿಕೊಳ್ಳುತ್ತೆ. ಲ್ಯಾಂಡಿಂಗ್‌ಗೆ ನಿಧಾನ ಆಗ್ತಾ ಬರುವಾಗ ಮನಸ್ಸು ಬದಲಿಸಿ ಮತ್ತೆ ಮೇಲೇರೋಣ ಅಂತ ಇರೋ ಒಂದೇ ಎಂಜಿನ್‌ಗೆ ಪೂರ್ತಿ ಥ್ರಾಟಲ್ ಕೊಟ್ಟರೆ ಮುಗಿದೇ ಹೋಯ್ತು. ಬ್ರಿಟನ್‌ನಲ್ಲಿ ಯುದ್ಧವೇ ಇಲ್ಲದ ಕಾಲದಲ್ಲಿ, ಈ ಅಭ್ಯಾಸ ಮಾಡುವಾಗಲೇ ಎಷ್ಟೋ ಕ್ಯಾನ್‌ಬೆರಾ ಸಿಬ್ಬಂದಿ ಸತ್ತಿದ್ದಾರೆ.

ಹೀಗಾಗಿ ‘ಅಸಿಮೆಟ್ರಿಕ್, 1.10’ ಅನ್ನೋ ಬೋರಿಂಗ್ ಸಾಲು ಬೋರಿಂಗ್ ಅಲ್ಲ. ನಮ್ಮ ಫ್ಯಾಮಿಲಿ ಕಥೆಯಲ್ಲಿ ಇದೊಂದೂ ಬರಲ್ಲ. 1999ರ ಮೇ 21ರಂದು ಕಾರ್ಗಿಲ್ ಮೇಲೆ ಫೋಟೋ ತೆಗೀತಿದ್ದ ಒಂದು ಕ್ಯಾನ್‌ಬೆರಾಕ್ಕೆ ಕ್ಷಿಪಣಿ ತಾಗಿ ಒಂದು ಎಂಜಿನ್ ಹೋಯ್ತು. ಸಿಬ್ಬಂದಿ ಉಳಿದ ಒಂದೇ ಎಂಜಿನ್‌ನಲ್ಲಿ ವಾಪಸ್ ತಂದಿಳಿಸಿದರು. ಅದರ ಹಿಂದೆ ಇರೋದು ಇಂಥ ನೂರಾರು ಸಾಲು.

ಇನ್ನು ಯುದ್ಧದ ಸಾಲುಗಳು. ಡ್ಯೂಟಿ ಕಾಲಮ್‌ನಲ್ಲಿ ‘ಆಪ್ಸ್’ ಅಂತ ಎರಡಕ್ಷರ, ಪಕ್ಕದಲ್ಲಿ ರಾತ್ರಿಯ ಗಂಟೆಗಳು. ಎಲ್ಲಿಗೆ ಅಂತ ಕೂಡ ಕೆಲವು ಕಡೆ ಇಲ್ಲ. ಆ ಸಾಲಿನೊಳಗೆ ಏನಿತ್ತು ಅಂತ ಲೆಕ್ಕದಿಂದ ಸ್ವಲ್ಪ ತೆಗೀಬಹುದು. 2,000 ಮೀಟರ್ ಎತ್ತರದಿಂದ ಬಿಟ್ಟ ಬಾಂಬ್ ನೆಲ ಮುಟ್ಟೋಕೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 20 ಸೆಕೆಂಡ್. ಗಂಟೆಗೆ 600 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 167 ಮೀಟರ್. ಹಾಗಾದ್ರೆ ಗುರಿಗೆ ಮೂರು ಕಿಲೋಮೀಟರ್‌ಗಿಂತ ಜಾಸ್ತಿ ಮುಂಚೆಯೇ ಬಾಂಬ್ ಬಿಡಬೇಕು. ಒಂದು ಸೆಕೆಂಡ್ ತಡ ಆದರೆ 167 ಮೀಟರ್ ಆಚೆ. ರನ್‌ವೇ ಅಗಲ 50 ಮೀಟರ್ ಕೂಡ ಇರಲ್ಲ. ಜೊತೆಗೆ ಅಡ್ಡ ಗಾಳಿ, ಕೆಳಗಿಂದ ಬರೋ ಗುಂಡು, ಬ್ಲ್ಯಾಕೌಟ್ ಆದ ನೆಲ. ಜಿ.ಪಿ.ಎಸ್. ಇಲ್ಲ. ನ್ಯಾವಿಗೇಟರ್ ಕೈಯಲ್ಲಿ ಪೆನ್ಸಿಲ್, ನಕ್ಷೆ, ಗಡಿಯಾರ.

ಬಾಂಬ್ ಎಲ್ಲಿ ಬಿತ್ತು ಅನ್ನೋದು ಎಷ್ಟೋ ಸಲ ಬಿಟ್ಟವರಿಗೇ ಗೊತ್ತಾಗ್ತಿರಲಿಲ್ಲ. ನಮ್ಮಲ್ಲೊಬ್ಬರು ಎಂಟನೇ ಕ್ಲಾಸಿನಲ್ಲಿದ್ದಾಗ ತಾತನನ್ನ ನೇರವಾಗಿ ಕೇಳಿದ್ದುಂಟು: “ತಾತ, ನೀವು ಎಷ್ಟು ಜನರನ್ನ ಸಾಯಿಸಿದ್ರಿ?” ಅಜ್ಜಿ ಗದರಿಸಿದ್ರು. ತಾತ ಮಾತ್ರ ಬೇಜಾರು ಮಾಡ್ಕೊಳ್ಳದೇ, “ಗೊತ್ತಿಲ್ಲ ಮಗು. ಅದೇ ತೊಂದರೆ” ಅಂದ್ರು. ವಾಟ್ಸಾಪ್ ಕಥೆಗೆ ಈ ಮಾತನ್ನ ಯಾರೂ ಸೇರಿಸಿಲ್ಲ. ನಾವು ಈಗ ಬರೆದಿಡ್ತಿರೋ ಫೈಲಿನಲ್ಲಿ ಮೊದಲ ಪುಟದಲ್ಲೇ ಸೇರಿಸಿದ್ದೀವಿ.

ಮೂರನೆಯ ಕಾಲಮ್ ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು: ‘ಜೊತೆಗಿದ್ದವರು’. 1964ರಿಂದ 1967ರ ತನಕ ಅಲ್ಲಿ ಹೆಚ್ಚು ಕಡೆ ಒಂದೇ ಹೆಸರು. ತಾತನ ನ್ಯಾವಿಗೇಟರ್.

ಬಿ-ಐ 58ರಲ್ಲಿ ಇಬ್ಬರೇ ಸಿಬ್ಬಂದಿ. ಪೈಲಟ್‌ನ ಗಾಜಿನ ಗುಮ್ಮಟ ಫೈಟರ್ ವಿಮಾನದ ಹಾಗೆ ಮೇಲಕ್ಕೆ ಎದ್ದಿರುತ್ತೆ, ಅದೂ ಸರಿಯಾಗಿ ಮಧ್ಯದಲ್ಲಲ್ಲ, ಎಡಕ್ಕೆ ವಾಲಿಕೊಂಡು. ಫೋಟೋ ನೋಡಿದ್ರೆ ಯಾರೋ ಡ್ರಾಯಿಂಗ್‌ನಲ್ಲಿ ಸೆಂಟರ್ ಲೈನ್ ಹಾಕೋದು ಮರೆತ ಹಾಗಿದೆ. ಅದಕ್ಕೆ ಕಾರಣ ಬಲಗಡೆ ನ್ಯಾವಿಗೇಟರ್ ಮೂತಿಯೊಳಗೆ ಹೋಗೋಕೆ ದಾರಿ ಬೇಕು. ಅವನು ಒಳಗೆ ಸಣ್ಣ ಮೇಜಿನ ಮುಂದೆ ಕೂತು ನಕ್ಷೆಯ ಕೆಲಸ ಮಾಡಬೇಕು, ಗುರಿ ಹತ್ತಿರ ಬಂದಾಗ ಮುಂದಕ್ಕೆ ತೆವಳಿ ಹೊಟ್ಟೆಯ ಮೇಲೆ ಮಲಗಿ ಬಾಂಬ್‌ಸೈಟ್ ನೋಡಬೇಕು.

ಪೈಲಟ್‌ಗೆ ಇಜೆಕ್ಷನ್ ಸೀಟ್ ಇತ್ತು. ನ್ಯಾವಿಗೇಟರ್‌ಗೆ ಇರಲಿಲ್ಲ.

ಇದನ್ನ ಮೊದಲ ಸಲ ಓದಿದಾಗ ನಾವು ಮೂವರೂ ಸುಮ್ಮನಾದ್ವಿ. ಏನಾದ್ರೂ ಆದರೆ ನ್ಯಾವಿಗೇಟರ್ ಬೆಲ್ಟ್ ಬಿಚ್ಚಿ, ಹಿಂದಕ್ಕೆ ತೆವಳಿ, ಪಕ್ಕದ ಬಾಗಿಲು ತೆಗೆದು, ಪ್ಯಾರಾಚೂಟ್ ಕಟ್ಕೊಂಡು ಹಾರಬೇಕು. ವಿಮಾನ ನೇರವಾಗಿ, ಸಾಕಷ್ಟು ಎತ್ತರದಲ್ಲಿ ಹಾರ್ತಿದ್ದರೆ ಸಾಧ್ಯ. 300 ಮೀಟರ್ ಎತ್ತರದಲ್ಲಿ ವಿಮಾನ ಹಿಡಿತ ತಪ್ಪಿ ಬಿದ್ದರೆ ನೆಲಕ್ಕೆ ಎಂಟು ಸೆಕೆಂಡ್ ಕೂಡ ಇಲ್ಲ. ಪೈಲಟ್ ಹ್ಯಾಂಡಲ್ ಎಳೆದರೆ ಅವನು ಉಳೀಬಹುದು. ಎಳೆಯೋ ಮುಂಚೆ ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನ ಯಾವ ಮ್ಯಾನ್ಯುಯಲ್ ಕೂಡ ಅವನ ಪರವಾಗಿ ತೀರ್ಮಾನ ಮಾಡೋಕಾಗಲ್ಲ.

ಸೀಟು ಮಾಡೋದು ಸಾಧ್ಯ ಇರಲಿಲ್ವಾ? ಇತ್ತು. ಫೋಟೋ ತೆಗೆಯೋ ಕ್ಯಾನ್‌ಬೆರಾ ಮಾದರಿಯಲ್ಲಿ ನ್ಯಾವಿಗೇಟರ್‌ಗೂ ಸೀಟಿತ್ತು. 1959ರ ಏಪ್ರಿಲ್ 10ರಂದು ರಾವಲ್ಪಿಂಡಿ ಹತ್ತಿರ ಪಾಕಿಸ್ತಾನದ ಸೇಬರ್ ನಮ್ಮ ಅಂಥದ್ದೊಂದನ್ನ ಹೊಡೆದಾಗ ಇಬ್ಬರೂ ಇಜೆಕ್ಟ್ ಆಗಿ ಬದುಕಿದರು. ಆರು ವರ್ಷದ ನಂತರ, 1965ರ ಯುದ್ಧದ ಕೊನೆಯ ದಿನಗಳ ಒಂದು ರಾತ್ರಿ, ಸ್ಟಾರ್‌ಫೈಟರ್ ಒಂದು ನಮ್ಮ ಬಾಂಬರ್ ಕ್ಯಾನ್‌ಬೆರಾವನ್ನ ಹೊಡೆಯಿತು. ಪೈಲಟ್ ಇಜೆಕ್ಟ್ ಆಗಿ ಯುದ್ಧಕೈದಿಯಾದರು. ನ್ಯಾವಿಗೇಟರ್ ಹೊರಗೆ ಬರೋಕಾಗಲಿಲ್ಲ. ಬ್ರಿಟಿಷರು ಮುಂದೆ ಮಾಡಿದ ಪಿ.ಆರ್. 9 ಮಾದರಿಯಲ್ಲಿ ಇದೇ ಥರ ಮೂತಿಯೊಳಗೆ ಕೂರೋ ನ್ಯಾವಿಗೇಟರ್‌ಗೂ ಇಜೆಕ್ಷನ್ ಸೀಟ್ ಕೊಟ್ಟರು. ಅಂದ್ರೆ ತಂತ್ರಜ್ಞಾನ ಇರಲಿಲ್ಲ ಅನ್ನೋಕಾಗಲ್ಲ. ಜಾಗ, ಕೆಲಸದ ರೀತಿ ಇವೆಲ್ಲಾ ಸೇರಿ ಯಾವುದೋ ಡ್ರಾಯಿಂಗ್ ಬೋರ್ಡ್ ಮೇಲೆ ಒಂದು ತೀರ್ಮಾನ ಆಗಿತ್ತು, ಅಷ್ಟೇ.

ಇದು ಕ್ಯಾನ್‌ಬೆರಾದ ಕಥೆ ಮಾತ್ರ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್‌ನ ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000, ಅದರಲ್ಲಿ 55,573 ಮಂದಿ ಸತ್ತರು. ಮುಂದೆ ದೊಡ್ಡ ಭೌತವಿಜ್ಞಾನಿಯಾದ ಫ್ರೀಮನ್ ಡೈಸನ್ ಆಗ ನಮ್ಮದೇ ವಯಸ್ಸಿನವರು. ಹತ್ತೊಂಬತ್ತಕ್ಕೇ ಆ ಕಮಾಂಡ್‌ನ ಲೆಕ್ಕಾಚಾರದ ವಿಭಾಗ ಸೇರಿದ್ದರು. ಹೊಡೆತ ತಿಂದು ಬೀಳೋ ವಿಮಾನದಿಂದ ಎಷ್ಟು ಜನ ಜೀವಂತ ಹೊರಗೆ ಬರ್ತಾರೆ ಅನ್ನೋ ಅಂಕಿಯನ್ನ ಅವರು ಮುಂದೆ ಬರೆದಿದ್ದಾರೆ: ಅಮೆರಿಕದ ಹಗಲಿನ ಬಾಂಬರ್‌ಗಳಲ್ಲಿ ಸುಮಾರು ಶೇ. 50, ಬ್ರಿಟನ್‌ನ ಹ್ಯಾಲಿಫ್ಯಾಕ್ಸ್‌ನಲ್ಲಿ ಶೇ. 25, ಎಲ್ಲರೂ ಹೊಗಳೋ ಲ್ಯಾಂಕಾಸ್ಟರ್‌ನಲ್ಲಿ ಶೇ. 15. ಲ್ಯಾಂಕಾಸ್ಟರ್‌ನ ತುರ್ತು ಬಾಗಿಲು 22 ಇಂಚು ಅಗಲ, ಹ್ಯಾಲಿಫ್ಯಾಕ್ಸ್‌ನದ್ದು ಎರಡು ಇಂಚು ಜಾಸ್ತಿ. ದಪ್ಪ ಬಟ್ಟೆ, ಪ್ಯಾರಾಚೂಟ್ ಹಾಕ್ಕೊಂಡು, ಕತ್ತಲಲ್ಲಿ, ತಿರುಗ್ತಾ ಬೀಳೋ ವಿಮಾನದಲ್ಲಿ ಎರಡು ಇಂಚು ಅಂದ್ರೆ ಏನು ಅಂತ ಯೋಚಿಸಿ. ಬಾಗಿಲು ದೊಡ್ಡದು ಮಾಡಿ ಅಂತ ಡೈಸನ್‌ರ ಒಬ್ಬ ಸಹೋದ್ಯೋಗಿ ವರ್ಷಗಟ್ಟಲೆ ಓಡಾಡಿದರು. ಯುದ್ಧ ಮುಗಿಯೋ ತನಕ ಕೆಲಸ ಆಗಲಿಲ್ಲ.

(ಬಾಂಬರ್ ಮೇಲೆ ಕೆಂಪು ಚುಕ್ಕೆಗಳ ಆ ಮೀಮ್ ಎಲ್ಲರೂ ನೋಡಿರ್ತೀರ: ವಾಪಸ್ ಬಂದ ವಿಮಾನಕ್ಕೆ ಎಲ್ಲಿ ಗುಂಡು ಬಿದ್ದಿಲ್ಲವೋ ಅಲ್ಲಿ ಕವಚ ಹಾಕಿ, ಯಾಕಂದ್ರೆ ಅಲ್ಲಿ ಬಿದ್ದವು ವಾಪಸ್ ಬಂದಿಲ್ಲ. ಆ ಲೆಕ್ಕದ ಅಬ್ರಹಾಂ ವಾಲ್ಡ್ 1950ರ ಡಿಸೆಂಬರ್‌ನಲ್ಲಿ ಉಪನ್ಯಾಸಕ್ಕೆ ಅಂತ ಭಾರತಕ್ಕೆ ಬಂದು, ಇಲ್ಲೇ ನೀಲಗಿರಿ ಬೆಟ್ಟದಲ್ಲಿ ವಿಮಾನ ಅಪಘಾತದಲ್ಲಿ ಹೆಂಡತಿಯ ಜೊತೆ ತೀರಿಕೊಂಡರು. ಮೀಮ್ ಮಾಡಿದವರು ಇದನ್ನ ಹೇಳಲ್ಲ.)

ತಾತನ ನ್ಯಾವಿಗೇಟರ್ ಇನ್ನೂ ಇದ್ದಾರೆ. ಪುಣೆಯಲ್ಲಿ, ಎಂಬತ್ತು ದಾಟಿದೆ. ತಾತನ ಹಳೇ ಫೋನ್ ಪುಸ್ತಕದಲ್ಲಿ ನಂಬರ್ ಸಿಕ್ಕಿತು. ಸ್ಪೀಕರ್‌ನಲ್ಲಿಟ್ಟು ಮೂವರೂ ಮಾತಾಡಿದ್ವಿ. ಇಂಗ್ಲಿಷು, ಹಿಂದಿ ಸೇರಿಸಿ ಮಾತಾಡ್ತಾರೆ, ಕಿವಿ ಸ್ವಲ್ಪ ಮಂದ. ಸೀಟಿನ ವಿಷಯ ನೀವಿಬ್ಬರೂ ಯಾವಾಗಲಾದ್ರೂ ಮಾತಾಡ್ಕೊಂಡಿದ್ರಾ ಸರ್ ಅಂತ ಕೇಳಿದ್ವಿ. “ಇಲ್ಲ. ಮಾತಾಡಿದ್ರೆ ಹಾರೋಕಾಗ್ತಿತ್ತಾ?” ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ತಾತ ಏಣಿ ಹತ್ತೋ ಮುಂಚೆ ಪ್ರತಿ ಸಲ ನನ್ನ ಪ್ಯಾರಾಚೂಟ್ ಪಟ್ಟಿ ಎಳೆದು ನೋಡ್ತಿದ್ರು. ಅದು ಅವರ ಕೆಲಸ ಅಲ್ಲ. ಅವರದ್ದು ನೋಡ್ಕೊಳ್ಳೋದು ಆಮೇಲೆ” ಅಂದ್ರು. ಎಂಜಿನ್ ಸ್ಟಾರ್ಟ್ ಮಾಡೋಕೆ ಪಟಾಕಿಯಂಥ ಕಾರ್ಟ್ರಿಜ್ ಸಿಡಿಸ್ತಿದ್ರಂತೆ. ಕಪ್ಪು ಹೊಗೆ, ಮದ್ದಿನ ವಾಸನೆ. ದೀಪಾವಳಿ ಬಂದ್ರೆ ಈಗಲೂ ಅದೇ ನೆನಪಾಗುತ್ತೆ ಅಂತ ನಕ್ಕರು.

1967ರ ಮಧ್ಯದಲ್ಲಿ ಆ ಕಾಲಮ್‌ನಲ್ಲಿ ಹೆಸರು ಬದಲಾಗುತ್ತೆ. ಲಾಗ್‌ಬುಕ್ ಕಾರಣ ಹೇಳಲ್ಲ. ಫೋನ್‌ನಲ್ಲಿ ಗೊತ್ತಾಯ್ತು: ಪೋಸ್ಟಿಂಗ್, ಅಷ್ಟೇ. ಇಂಥ ಖಾಲಿ ಜಾಗ ಕಂಡಾಗ ಊಹೆ ಬೇಡ, ಬದುಕಿರೋರನ್ನ ಕೇಳಿ. ಇನ್ನೊಂದು ಹತ್ತು ವರ್ಷಕ್ಕೆ 1965ರಲ್ಲಿ ಹಾರಿದವರಲ್ಲಿ ಎಷ್ಟು ಜನ ಇರ್ತಾರೋ!

ಬೆಂಗಳೂರಿಗೂ ಬಾಂಬರ್‌ಗಳಿಗೂ ಇರೋ ನಂಟು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಅದನ್ನೂ ಹೇಳಿಬಿಡ್ತೀವಿ. ಎರಡನೇ ಮಹಾಯುದ್ಧದಲ್ಲಿ ನಮ್ಮ ಎಚ್.ಎ.ಎಲ್. ಕಾರ್ಖಾನೆ ಅಮೆರಿಕದ ವಾಯುಪಡೆಯ ರಿಪೇರಿ ಡಿಪೋ ಆಗಿತ್ತು. ಯುದ್ಧ ಮುಗಿದ ಮೇಲೆ ಲಿಬರೇಟರ್ ಅನ್ನೋ ನಾಲ್ಕು ಎಂಜಿನ್‌ನ ಬಾಂಬರ್‌ಗಳನ್ನ ಕಾನ್ಪುರದಲ್ಲಿ ಯಾರೂ ಮತ್ತೆ ಹಾರಿಸಬಾರದು ಅಂತ ಬೇಕಂತಲೇ ಹಾಳು ಮಾಡಿ ಬಿಸಾಕಿದ್ದರು. ಎಚ್.ಎ.ಎಲ್.ನವರು ಆ ಗುಜರಿಯಿಂದ ಆರಿಸಿ, ಹಾರೋ ಮಟ್ಟಕ್ಕೆ ಒತ್ತಿ ತಟ್ಟಿ, ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಶಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿ. ಹೀಗೆ 42 ವಿಮಾನ! 1948ರಲ್ಲಿ ಸ್ವತಂತ್ರ ಭಾರತದ 5ನೇ ಸ್ಕ್ವಾಡ್ರನ್ ಹುಟ್ಟಿದ್ದು ಇವುಗಳಿಂದ. ಅದೇ ಸ್ಕ್ವಾಡ್ರನ್ 1957ರಲ್ಲಿ ಕ್ಯಾನ್‌ಬೆರಾಕ್ಕೆ ಬದಲಾಯಿತು. ಕ್ಯಾನ್‌ಬೆರಾಗಳ ಓವರ್‌ಹಾಲ್ ಕೂಡ ಬೆಂಗಳೂರಿನಲ್ಲೇ ಆಗ್ತಿತ್ತು. ತಾತನ ಪುಸ್ತಕದಲ್ಲಿ ‘ಬೆಂಗಳೂರು’ ಅಂತ ಬಂದಾಗಲೆಲ್ಲ ವಿಮಾನದ ನಂಬರ್ ಹೋಗುವಾಗ ಒಂದು, ಬರುವಾಗ ಇನ್ನೊಂದು. ಬಿಟ್ಟು ಬಂದದ್ದು ರಿಪೇರಿಗೆ. ಅಜ್ಜಿ ಹೇಳೋ ಪ್ರಕಾರ ಆ ಟ್ರಿಪ್‌ಗಳಲ್ಲಿ ಒಂದು ರಾತ್ರಿ ಬಿಡುವು ಸಿಕ್ಕರೆ ಬಸ್ ಹತ್ತಿ ಮೈಸೂರಿಗೆ ಬಂದು ಹುಳಿ ಅನ್ನ ತಿಂದು ಹೋಗ್ತಿದ್ರಂತೆ. ಇದು ಲಾಗ್‌ಬುಕ್‌ನಲ್ಲಿಲ್ಲ, ಆದರೆ ತಾರೀಖು ಹೊಂದುತ್ತೆ.

ಕ್ಯಾನ್‌ಬೆರಾ 2007ರ ಮೇ 11ರಂದು ಆಗ್ರಾದಲ್ಲಿ ನಿವೃತ್ತಿ ಆಯ್ತು, ಐವತ್ತು ವರ್ಷದ ಸೇವೆ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್.ಎ.ಎಲ್. ಮ್ಯೂಸಿಯಂನಲ್ಲಿ ಒಂದು ನಿಂತಿದೆ. ಹೋದರೆ ಎಂಜಿನ್ ನೋಡಿ ಸೆಲ್ಫಿ ತಗೊಂಡು ಬರಬೇಡಿ, ಮೂತಿಯ ಬಲಗಡೆ ಇರೋ ಬಾಗಿಲನ್ನ ನೋಡಿ.

ಪುಸ್ತಕ ಉಳಿಸೋದರ ಬಗ್ಗೆ ಎರಡು ಮಾತು. ಲ್ಯಾಮಿನೇಷನ್ ಬೇಡವೇ ಬೇಡ, ಕಾಗದ ಸಾಯುತ್ತೆ. ಜೆರಾಕ್ಸ್ ಅಂಗಡಿಯಲ್ಲಿ ಬೆನ್ನು ಮುರಿಯೋ ಹಾಗೆ ಒತ್ತಿ ಸ್ಕ್ಯಾನ್ ಮಾಡಿಸಬೇಡಿ. ಕಿಟಕಿ ಬೆಳಕಲ್ಲಿ ಮೇಲಿಂದ ಫೋನ್‌ನಲ್ಲೇ ಫೋಟೋ ತೆಗೀರಿ, ಪೆನ್ಸಿಲ್ ಗುರುತು ಇದ್ದ ಕಡೆ ಪಕ್ಕದಿಂದ ಬೆಳಕು ಬಿಟ್ಟು ಇನ್ನೊಂದು. ಕಪ್ಪುಬಿಳುಪು ಮೋಡ್ ಬಳಸಿದರೆ ಕೆಂಪು ಯಾವುದು ನೀಲಿ ಯಾವುದು ಗೊತ್ತಾಗಲ್ಲ, ಅರ್ಧ ಮಾಹಿತಿ ಅಲ್ಲೇ ಹೋಯ್ತು. ಆಮೇಲೆ ಎಲ್ಲವನ್ನೂ ಒಂದು ಸ್ಪ್ರೆಡ್‌ಶೀಟ್‌ಗೆ ಹಾಕಿ. ತಿಂಗಳ ಟೋಟಲ್ ಹೊಂದದಿದ್ದರೆ ಎಲ್ಲೋ ಒಂದು ಸಾಲು ಬಿಟ್ಟಿದೆ ಅಂತ ತಕ್ಷಣ ಸಿಕ್ಕಿಬೀಳುತ್ತೆ.

ನಮ್ಮದು ಮೊದಲ ಪುಸ್ತಕ ಮುಗಿದು 1968ಕ್ಕೆ ಬಂದಿದೆ. 1971 ಇರೋದು ಎರಡನೆಯದರಲ್ಲಿ. ಅದನ್ನ ಇಲ್ಲಿ ತನಕ ತೆರೆದು ನೋಡಿದ್ದು ಕರಾಚಿಯ ಆ ಒಂದು ತಾರೀಖಿಗೆ ಮಾತ್ರ. ಉಳಿದದ್ದು ದಸರಾ ರಜೆಗೆ, ಅಜ್ಜಿಯ ಎದುರಲ್ಲೇ ಕೂತು ಓದ್ತೀವಿ. ಪುಣೆಯವರಿಗೂ ವಿಡಿಯೋ ಕಾಲ್ ಮಾಡ್ತೀವಿ ಅಂತ ಹೇಳಿದ್ದೀವಿ, ಬೆಳಿಗ್ಗೆ ಹನ್ನೊಂದರ ಮೇಲೆ ಮಾಡಿ ಅಂದಿದ್ದಾರೆ.